ಕೋಷ್ಟಕದ ಐದನೇ ಸಾಲು

8 ಜನವರಿ

ಮಾನ್ಯರೇ,

ನನ್ನ ಪರಿಚಯ ನಿಮಗಿಲ್ಲ. ನೀರಿನ ಹರಿವಿನ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ ನಾನು. ನೀವು ಕೆಲಸ ಮಾಡಿ ನಿವೃತ್ತರಾದ ಪ್ರಯೋಗಾಲಯದ ಗುಮಾಸ್ತರು ನಿಮ್ಮ ವಿಳಾಸ ಕೊಟ್ಟರು. ಫೋನ್ ನಂಬರನ್ನೂ ಕೊಟ್ಟಿದ್ದರು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ನೀವು "ಯಾರು? ಯಾರು?" ಎಂದು ಕೇಳಿ ಇಟ್ಟುಬಿಟ್ಟಿರಿ. ಹಾಗಾಗಿ ಈ ಕಾಗದ.

ಇಪ್ಪತ್ತಾರು ವರ್ಷದ ಹಿಂದೆ ನಿಮ್ಮ ಪ್ರೊಫೆಸರರು ಒಂದು ಪ್ರಯೋಗ ಮಾಡಿದರು. ಮೈಗೆಲ್ಲ ಮರಳು ಅಂಟಿಸಿದ ಒಂದು ಸಿಲಿಂಡರನ್ನು ಹರಿಯುವ ನೀರಿಗೆ ಅಡ್ಡ ಹಿಡಿದು, ಅದರ ಕೆಳಗೆ ನೀರಿನಷ್ಟೇ ವೇಗದಲ್ಲಿ ಒಂದು ಬೆಲ್ಟ್ ಓಡಿಸಿದರು. ಸಿಲಿಂಡರಿಗೂ ಬೆಲ್ಟಿಗೂ ನಡುವಿನ ಸಂದನ್ನು ಐದು ಹಂತಗಳಲ್ಲಿ ಕಿರಿದು ಮಾಡುತ್ತ, ಹಿಂದೆ ಏಳುವ ಸುಳಿಗಳನ್ನು ಅಳೆದರು. ಆ ಅಳತೆಗಳ ಕೋಷ್ಟಕದಲ್ಲಿ ಐದೇ ಸಾಲು. ನಮ್ಮ ವಿಷಯದಲ್ಲಿ ಕೆಲಸ ಮಾಡುವ ಯಾರಿಗೂ ಆ ಐದು ಸಾಲು ಬಾಯಿಪಾಠ. ಕಾಗದದ ಕಾರ್ಖಾನೆಯವರೂ ಓಡುವ ಹಾಳೆಯಿಂದ ಉರುಳೆಯನ್ನು ಎಷ್ಟು ದೂರ ಕೂರಿಸಬೇಕು ಎಂದು ಅದನ್ನೇ ನೋಡಿಕೊಳ್ಳುತ್ತಾರೆ.

ನಾನು ಅದೇ ಪ್ರಯೋಗವನ್ನು ಕಂಪ್ಯೂಟರಿನೊಳಗೆ ಮಾಡುತ್ತಿದ್ದೇನೆ. ನೀರಿಲ್ಲ, ಬೆಲ್ಟಿಲ್ಲ, ಬರೀ ಲೆಕ್ಕ. ಸಿಲಿಂಡರ್ ತಯಾರಿಸಿದವರು ನೀವು ಎಂದು ಗುಮಾಸ್ತರು ಹೇಳಿದರು. ನನ್ನದು ಒಂದೇ ಪ್ರಶ್ನೆ. ಅಂಟು ಹಚ್ಚಿ ಮರಳು ಉದುರಿಸಿದಾಗ ಕಾಳುಗಳು ಅಂಟಿನಲ್ಲಿ ಎಷ್ಟು ಹೂತುಹೋಗುತ್ತಿದ್ದವು? ಕಾಲು ಭಾಗವೇ, ಅರ್ಧವೇ, ಅಥವಾ ಅದಕ್ಕೂ ಕಡಿಮೆಯೇ? ಅದು ಎಲ್ಲೂ ಅಚ್ಚಾಗಿಲ್ಲ. ನೆನಪಿದ್ದರೆ ಎರಡು ಸಾಲು ಬರೆದರೆ ಸಾಕು.

ವಂದನೆಗಳೊಂದಿಗೆ,
ಸಂಶೋಧನಾ ವಿದ್ಯಾರ್ಥಿನಿ


21 ಜನವರಿ

ಮಗಳೇ,

ಹಾಗೆ ಕರೆದದ್ದಕ್ಕೆ ಬೇಜಾರಿಲ್ಲ ತಾನೆ? ನಿನ್ನ ಕಾಗದದಲ್ಲಿ "ಮಾನ್ಯರೇ" ಎಂದು ಓದಿ ನನ್ನ ಹೆಂಡತಿ ಅರ್ಧ ಗಂಟೆ ನಕ್ಕಳು. ಈ ಮನೆಯಲ್ಲಿ ನನಗೆ ಅಷ್ಟು ಮರ್ಯಾದೆ ಕೊಟ್ಟವರಿಲ್ಲ. ಪ್ರಯೋಗಾಲಯದಲ್ಲಿ ನನ್ನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ನೀನೂ ಹಾಗೇ ಅನ್ನು. ಫೋನಿನ ವಿಷಯ ತಪ್ಪು ತಿಳಿಯಬೇಡ. ಮೂವತ್ತನಾಲ್ಕು ವರ್ಷ ಪಂಪುಗಳ ಪಕ್ಕ ನಿಂತ ಕಿವಿ ಇದು. ಎದುರಿಗೆ ನಿಂತು ಮಾತಾಡಿದರೆ ಕೇಳುತ್ತದೆ, ಫೋನಿನಲ್ಲಿ ಬರೀ ಗುಂಯ್.

ಇನ್ನು ಅಂಟಿನ ವಿಷಯ. ಹೂತುಹೋಗುವುದೇ? ನನ್ನ ಕೈಕೆಲಸದಲ್ಲೇ? ನೀನು ಎದುರಿಗೆ ಕೇಳಿದ್ದರೆ ಒಂದು ಜಗಳವೇ ಆಗುತ್ತಿತ್ತು.

ಕೇಳು. ಸಿಲಿಂಡರು ಹಿತ್ತಾಳೆಯದು, ನಲವತ್ತು ಮಿಲಿಮೀಟರು, ನಿನ್ನ ಮಣಿಕಟ್ಟಿನಷ್ಟು ದಪ್ಪ ಇರಬಹುದು. ಮರಳನ್ನು ಎರಡು ಜರಡಿಯಲ್ಲಿ ಹಿಡಿಯುತ್ತಿದ್ದೆ. ಮೇಲಿನದರಿಂದ ಇಳಿದು ಕೆಳಗಿನದರಲ್ಲಿ ನಿಂತ ಕಾಳು ಮಾತ್ರ ನನಗೆ ಬೇಕು, ಒಂದೊಂದೂ ಒಂದೊಂದು ಮಿಲಿಮೀಟರು. ಅದನ್ನು ಏಳು ನೀರಿನಲ್ಲಿ ತೊಳೆದು, ತಟ್ಟೆಯಲ್ಲಿ ಹರಡಿ ಒಣಗಿಸುತ್ತಿದ್ದೆ. ಅಂಟನ್ನು ಕುಂಚದಲ್ಲಿ ಹಚ್ಚಿದರೆ ಗೆರೆ ಬೀಳುತ್ತದೆ. ಅದಕ್ಕೇ ಸಿಲಿಂಡರನ್ನು ಲೇತ್ ಯಂತ್ರಕ್ಕೆ ಕಟ್ಟಿ ನಿಧಾನ ತಿರುಗಿಸುತ್ತ, ಹಳೇ ಪಂಚೆಯ ತುಂಡಿನಲ್ಲಿ ಸವರಿ ಸವರಿ ಈರುಳ್ಳಿ ಸಿಪ್ಪೆಯಷ್ಟು ತೆಳು ಮಾಡುತ್ತಿದ್ದೆ. ಆಮೇಲೆ ಮರಳನ್ನು ಮೇಲಿನಿಂದ ಉದುರಿಸಬೇಕು. ಒತ್ತಬಾರದು! ಒತ್ತುವವರು ಇದ್ದಾರೆ, ಅವರ ಸಿಲಿಂಡರು ಸವೆದ ಚಪ್ಪಲಿಯ ಹಾಗಿರುತ್ತದೆ. ನನ್ನದನ್ನು ಅಂಗೈಯಲ್ಲಿ ಸವರಿದರೆ ನಾಲ್ಕು ದಿನ ಬೋಳಿಸದ ಗಡ್ಡ ಸವರಿದಂತೆ ಇರುತ್ತಿತ್ತು. ಕಾಳಿನ ಹತ್ತರಲ್ಲಿ ಒಂದು ಭಾಗ ಕೂಡ ಅಂಟಿನೊಳಗೆ ಇಳಿಯುತ್ತಿರಲಿಲ್ಲ. ಬರೆದುಕೋ.

ದೊಡ್ಡ ಮೇಷ್ಟ್ರು, ಅಂದರೆ ನೀನು ಹೇಳಿದ ಪ್ರೊಫೆಸರರು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಇಬ್ಬರೂ ನಿವೃತ್ತರಾಗಿ ಹನ್ನೆರಡು ವರ್ಷವಾಯಿತು, ಇವತ್ತಿಗೂ ಬೆಳಗ್ಗೆ ಆರಕ್ಕೆ ಒಟ್ಟಿಗೆ ನಡೆಯಲು ಹೋಗುತ್ತೇವೆ. "ನನಗಿಂತ ಜಾಸ್ತಿ ಸಂಸಾರ ಅವರ ಜೊತೆ ಮಾಡಿದ್ದೀರಿ" ಎಂದು ನನ್ನವಳು ಹಂಗಿಸುತ್ತಾಳೆ. ನಿನ್ನ ಕಾಗದದ ವಿಷಯ ಹೇಳಿದೆ. ಮಕ್ಕಳ ಹಾಗೆ ಖುಷಿಪಟ್ಟರು. "ಇನ್ನೂ ಓದ್ತಾರಾ ಅದನ್ನ?" ಎಂದು ಮೂರು ಸಲ ಕೇಳಿದರು.

ನೀರೇ ಇಲ್ಲದ ನೀರಿನ ಪ್ರಯೋಗ ಹೇಗೆ ಮಾಡುತ್ತೀಯ? ಬಿಡುವಾದಾಗ ಬರೆ. ಪೈಪು ಸೋರುವ ತಾಪತ್ರಯವಿಲ್ಲ, ನಿಮ್ಮ ಕಾಲವೇ ಸುಖ.

ನಿನ್ನ
ಮೇಸ್ತ್ರಿ


2 ಫೆಬ್ರವರಿ

ಮೇಸ್ತ್ರಿಗಳೇ,

ನಿಮ್ಮ ಕಾಗದವನ್ನು ನನ್ನ ಮೇಜಿನ ಮೇಲಿನ ಹಲಗೆಗೆ ಪಿನ್ನು ಹಾಕಿ ಸಿಕ್ಕಿಸಿದ್ದೇನೆ. ಪಕ್ಕದ ಮೇಜಿನವರು ಬಂದು ಓದಿಕೊಂಡು ನಕ್ಕು ಹೋಗುತ್ತಾರೆ.

ನೀರಿಲ್ಲದ ನೀರಿನ ಕಥೆ ಹೇಳುತ್ತೇನೆ. ಸಿಲಿಂಡರಿನ ಸುತ್ತಲಿನ ಜಾಗವನ್ನು ನಾಲ್ಕು ಕೋಟಿ ಪುಟ್ಟ ಪೆಟ್ಟಿಗೆಗಳಾಗಿ ಕತ್ತರಿಸಿಕೊಳ್ಳುತ್ತೇನೆ. ಪ್ರತಿ ಪೆಟ್ಟಿಗೆಯೂ ಪಕ್ಕದ ಪೆಟ್ಟಿಗೆಯನ್ನು, "ಈಗ ನನಗೆ ಎಷ್ಟು ನೀರು ತಳ್ಳಿದೆ, ಎಷ್ಟು ಎಳೆದುಕೊಂಡೆ?" ಎಂದು ಕೇಳುತ್ತದೆ. ಕ್ಷಣಕ್ಷಣಕ್ಕೂ ಎಲ್ಲ ಪೆಟ್ಟಿಗೆಗಳ ಜಗಳ ತೀರಬೇಕು. ಒಂದು ಸಂದಿಗೆ ಯಂತ್ರ ಒಂಬತ್ತು ದಿನ ಓಡುತ್ತದೆ. ಸಿಲಿಂಡರಿನ ಮೇಲಿನ ಒಂದೊಂದು ಮರಳಿನ ಕಾಳನ್ನೂ ನಾನು ಲೆಕ್ಕದಲ್ಲಿ ಕೂರಿಸಿದ್ದೇನೆ, ಒತ್ತದೆಯೇ!

ಮೊದಲ ನಾಲ್ಕು ಸಂದಿಗೆ ನನ್ನ ಲೆಕ್ಕ ನಿಮ್ಮ ಕೋಷ್ಟಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ತೊಡಕು ಇರುವುದು ಐದನೆಯದರಲ್ಲಿ, ಬರೀ ನಾಲ್ಕು ಮಿಲಿಮೀಟರಿನ ಸಂದಿನಲ್ಲಿ. ಅಷ್ಟು ಕಿರಿದಾದ ಸಂದಿನಲ್ಲೂ ಸುಳಿಗಳು ಮೇಲೊಂದು ಕೆಳಗೊಂದು ಗಡಿಯಾರದಂತೆ ಏಳುತ್ತಿದ್ದವು ಎನ್ನುತ್ತದೆ ನಿಮ್ಮ ಕೋಷ್ಟಕ. ದೊಡ್ಡ ಮೇಷ್ಟ್ರಿಗೆ ಹೆಸರು ತಂದದ್ದೇ ಆ ಸಾಲು. ನನ್ನ ಲೆಕ್ಕದಲ್ಲಿ ಅಲ್ಲಿ ಸುಳಿಗಳು ಸತ್ತೇಹೋಗುತ್ತವೆ, ನೀರು ಸುಮ್ಮನೆ ಜಾರಿಕೊಂಡು ಹೋಗುತ್ತದೆ. ಹನ್ನೊಂದು ಸಲ ಓಡಿಸಿದೆ. ನನ್ನ ಗೈಡ್ ಮೊದಲೇ ಹೇಳಿದ್ದರು, ಇಪ್ಪತ್ತಾರು ವರ್ಷದಿಂದ ಜಗತ್ತೇ ನಂಬಿದ ಕೋಷ್ಟಕ, ತಪ್ಪು ನಿನ್ನದೇ ಇರಬೇಕು ಎಂದು.

ಮರಳಿನ ಕಾಳು ಮೂರನೇ ಒಂದು ಭಾಗ ಅಂಟಿನಲ್ಲಿ ಹೂತಿತ್ತು ಎಂದುಕೊಂಡರೆ ಐದನೇ ಸಾಲೂ ಕೂಡುತ್ತದೆ. ಆದರೆ ನಿಮ್ಮ ಈರುಳ್ಳಿ ಸಿಪ್ಪೆ ಅದಕ್ಕೆ ಅಡ್ಡ ಬಂದಿದೆ. ಐದನೇ ಸಂದಿಗೆ ಮಾತ್ರ ಬೇರೆ ಸಿಲಿಂಡರ್ ಏನಾದರೂ ಬಳಸಿದಿರಾ? ಆ ದಿನ ಬೇರೇನಾದರೂ ಆಗಿತ್ತೇ? ಏಪ್ರಿಲ್ ಮೂವತ್ತಕ್ಕೆ ನಾನು ಥೀಸಿಸ್ ಒಪ್ಪಿಸಬೇಕು. ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ "ಇನ್ನೂ ಮುಗೀಲಿಲ್ವಾ ನಿನ್ನ ನೀರು?" ಎಂದು ಕೇಳುತ್ತಾಳೆ.

ದೊಡ್ಡ ಮೇಷ್ಟ್ರನ್ನೂ ಒಂದು ಮಾತು ಕೇಳಿ ನೋಡುತ್ತೀರಾ?

ನಿಮ್ಮ
ಸುಳಿ ಸತ್ತ ಹುಡುಗಿ


20 ಫೆಬ್ರವರಿ

ಮೇಸ್ತ್ರಿಗಳೇ,

ನನ್ನ ಕಾಗದ ತಲುಪಿತೇ? ಹಗುರವಾಗಿ ಬರೆದದ್ದು ಹೆಚ್ಚಾಯಿತೇನೋ. ಆರೋಗ್ಯವಾಗಿದ್ದೀರಿ ತಾನೆ? ಕಾಗದ ಕಳೆದುಹೋಗಿದ್ದರೆ ಎಂದು ಅದೇ ಪ್ರಶ್ನೆಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು ಇದರ ಜೊತೆಗೆ ಇಟ್ಟಿದ್ದೇನೆ. ಉತ್ತರ ಸಿಗದಿದ್ದರೂ ಪರವಾಗಿಲ್ಲ, ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆಯಿರಿ.

ನಿಮ್ಮ ಹುಡುಗಿ


14 ಮಾರ್ಚ್

ಸಂಶೋಧನಾ ವಿದ್ಯಾರ್ಥಿನಿಯವರಿಗೆ,

ಜ್ವರ ಬಂದಿದ್ದರಿಂದ ಉತ್ತರ ತಡವಾಯಿತು. ಯೋಚಿಸಿ ನೋಡಿದೆ. ಐದನೇ ಸಂದಿನ ಹೊತ್ತಿಗೆ ಸಿಲಿಂಡರಿಗೆ ಹೊಸದಾಗಿ ಮರಳು ಹಚ್ಚಬೇಕಾಗಿ ಬಂದಿತ್ತು. ಆಗ ಅಂಟು ದಪ್ಪವಾಗಿರಬಹುದು. ಕಾಳು ಮೂರನೇ ಒಂದು ಭಾಗ ಹೂತಿತ್ತು ಎಂದು ಬರೆದುಕೊಳ್ಳಿ. ಬೇಕಾದರೆ ನನ್ನ ಹೆಸರು ಹಾಕಿಕೊಳ್ಳಿ.

ಈ ವಿಷಯವಾಗಿ ದೊಡ್ಡ ಮೇಷ್ಟ್ರಿಗೆ ಬರೆಯುವುದು ಬೇಡ. ಅವರಿಗೆ ವಯಸ್ಸಾಗಿದೆ.

ಇತಿ,
ನಿವೃತ್ತ ಮೇಸ್ತ್ರಿ


22 ಮಾರ್ಚ್

ಮೇಸ್ತ್ರಿಗಳೇ,

ನಿಮ್ಮ ಕಾಗದ ನನ್ನ ಕೈ ಸೇರಿದ ದಿನ ನಾನು ಕುಣಿದಾಡಬೇಕಿತ್ತು. ಕುಣಿಯಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಮೂರನೇ ಒಂದು ಭಾಗ ಎನ್ನುವುದು ನನ್ನ ಅಂಕಿ. ಫೆಬ್ರವರಿಯಲ್ಲಿ ನಾನೇ ಅದನ್ನು ನಿಮಗೆ ಬರೆದಿದ್ದೆ, ನೀವು ಅದನ್ನೇ ನನ್ನ ಎಲೆಗೆ ಬಡಿಸಿದ್ದೀರಿ. ಇನ್ನೂ ಕೆಟ್ಟದ್ದೊಂದಿದೆ. ಅದನ್ನು ನಾನು ಡಿಸೆಂಬರಿನಲ್ಲೇ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ, ನಿಮಗೆ ಮೊದಲ ಕಾಗದ ಬರೆಯುವ ಮುಂಚೆಯೇ. ಐದನೇ ಸಾಲಿಗೆ ಮಾತ್ರ ಕಾಳು ಸಣ್ಣದು ಮಾಡಿ, ಸುಳಿ ಎಬ್ಬಿಸಿ, ಗೈಡಿಗೆ ತೋರಿಸಿದೆ. ಅವರು ಬೆನ್ನು ತಟ್ಟಿದರು. ಅಧ್ಯಾಯ ಟೈಪಾಯಿತು. ಆದರೆ "ಯಾಕೆ ಮೂರನೇ ಒಂದು?" ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಸಾಲು ಬೇಕಿತ್ತು. "ಸಿಲಿಂಡರ್ ತಯಾರಿಸಿದವರು ತಿಳಿಸಿದಂತೆ" ಎಂಬ ಸಾಲು. ಅದಕ್ಕಾಗಿ ನಿಮ್ಮನ್ನು ಹುಡುಕಿದೆ. ಎರಡು ಸಾಲು ಸಾಕು ಎಂದು ಸುಮ್ಮನೆ ಬರೆದಿರಲಿಲ್ಲ.

ಈಗ ಆ ಸಾಲು ಸಿಕ್ಕಿತು. ಥೀಸಿಸ್ಸಿನಲ್ಲಿ ಸೇರಿಸಿದೆ, ಓದಿದೆ. ತಲೆ ಎತ್ತಿದರೆ ಹಲಗೆಯ ಮೇಲೆ ನಿಮ್ಮ ಜನವರಿಯ ಕಾಗದ. ಹಳೇ ಪಂಚೆಯ ತುಂಡಿನಲ್ಲಿ ಅಂಟು ಸವರುವ ಮನುಷ್ಯ ಅಲ್ಲಿದ್ದಾನೆ. ಆ ಮನುಷ್ಯ ಮೂರನೇ ಒಂದು ಭಾಗ ಹೂಳಲು ಸಾಧ್ಯವಿಲ್ಲ. ಸಾಲು ಅಳಿಸಿದೆ.

ಪಾಪ, ಈ ಹುಡುಗಿ ಕಷ್ಟದಲ್ಲಿದ್ದಾಳೆ ಎಂದು ನೀವು ನಿಮ್ಮ ಕೆಲಸಕ್ಕೇ ಮಸಿ ಬಳಿದುಕೊಂಡಿರಿ. ನನ್ನ ಮೇಲಿನ ಕನಿಕರಕ್ಕೆ ಅಷ್ಟು ದೊಡ್ಡ ಬೆಲೆ ಬೇಡ. ಜ್ವರದಲ್ಲೂ ನನ್ನ ಬಗ್ಗೆ ಯೋಚಿಸಿದಿರಲ್ಲ, ಅದು ಸಾಕು. ನನ್ನ ಲೆಕ್ಕ ಹೇಗಿದೆಯೋ ಹಾಗೇ ಇಡುತ್ತೇನೆ. ಐದನೇ ಸಾಲು ಕೂಡಲಿಲ್ಲ, ಕಾರಣ ಗೊತ್ತಿಲ್ಲ ಎಂದು ಬರೆಯುತ್ತೇನೆ. ಗೈಡಿಗೆ ಹೇಳಿದೆ. ಮೂರು ದಿನದಿಂದ ಅವರು ನನ್ನ ಜೊತೆ ಮುಖ ಕೊಟ್ಟು ಮಾತಾಡುತ್ತಿಲ್ಲ. ಥೀಸಿಸ್ ತಿರಸ್ಕಾರವಾದರೂ ಆಗಬಹುದು. ಭಯವಿದೆ, ಆದರೂ ಆ ಸಾಲನ್ನು ಮತ್ತೆ ಸೇರಿಸುವುದಿಲ್ಲ.

ನಿಮ್ಮ
ಹುಡುಗಿ


30 ಮಾರ್ಚ್

ಮಗಳೇ,

ಕನಿಕರವೂ ಇಲ್ಲ, ಮಣ್ಣೂ ಇಲ್ಲ. ಜ್ವರವೂ ಬಂದಿರಲಿಲ್ಲ. ನಿನ್ನ ಫೆಬ್ರವರಿಯ ಕಾಗದ ನನ್ನ ದಿಂಬಿನ ಕೆಳಗೆ ನಲವತ್ತು ದಿನ ಇತ್ತು. ನನ್ನನ್ನು ಉಳಿಸಿಕೊಳ್ಳಲು ನಿನ್ನ ಅಂಕಿಯನ್ನು ನಿನಗೇ ಕೊಟ್ಟೆ. ಅದನ್ನು ನೀನು ಒಳ್ಳೆಯತನ ಅಂದುಕೊಂಡೆಯಲ್ಲ, ಓದಿ ನನಗೆ ಅನ್ನ ಇಳಿಯಲಿಲ್ಲ.

ಆ ದಿನ ಬೇರೇನಾದರೂ ಆಗಿತ್ತೇ ಎಂದು ನೀನು ಕೇಳಿದ್ದೆ. ಆಗಿತ್ತು.

ಸಿಲಿಂಡರು ಬೆಲ್ಟಿನ ತೀರಾ ಹತ್ತಿರ ಬಂದಾಗ ಆ ಕಿರಿದಾದ ಸಂದಿನಲ್ಲಿ ನೀರು ರಭಸವಾಗಿ ನುಗ್ಗುತ್ತದೆ, ಬೆಲ್ಟನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಿನ್ನ ಲೆಕ್ಕದ ಬೆಲ್ಟು ಹಲಗೆಯ ಹಾಗೆ ನೆಟ್ಟಗಿರುತ್ತದೇನೋ, ನನ್ನದು ರಬ್ಬರಿನದು, ಉಬ್ಬಿತು. ಉಬ್ಬಿ ಮರಳಿಗೆ ತಗುಲಿ ಒಂದು ಬೆಲ್ಟು ಹಿಂದಿನ ದಿನವೇ ಹರಿದಿತ್ತು. ಉಳಿದದ್ದು ಒಂದೇ. ಹೊಸದು ಹಡಗಿನಲ್ಲಿ ಬರಲು ನಾಲ್ಕು ತಿಂಗಳು. ತಿಂಗಳ ಕೊನೆಗೆ, ನೀರು ಹರಿಸುವ ಆ ಗಾಜಿನ ಕಾಲುವೆಯನ್ನು ಬೇರೆಯವರ ಪ್ರಯೋಗಕ್ಕೆ ಬಿಟ್ಟುಕೊಡಬೇಕು. ದೊಡ್ಡ ಮೇಷ್ಟ್ರ ತಾಯಿ ಆಸ್ಪತ್ರೆಯಲ್ಲಿದ್ದರು. "ಸಿದ್ಧ ಮಾಡಿಟ್ಟಿರು ಮೇಸ್ತ್ರಿ, ಮಧ್ಯಾಹ್ನ ಬಂದು ಅಳತೆ ತಗೋತೀನಿ" ಎಂದು ಹೋಗಿದ್ದರು.

ಬೆಲ್ಟು ಓಡಿಸಿ ನೋಡಿದೆ. ಚರ್ ಅಂತು. ನಿಲ್ಲಿಸಿದೆ. ಎಳೆ ಎದ್ದಿತ್ತು, ಇನ್ನೂ ಹರಿದಿರಲಿಲ್ಲ. ಸಿಲಿಂಡರನ್ನು ಬಿಚ್ಚಿ, ಬ್ಲೇಡು ತಗೊಂಡು, ಕೆಳಮೈಯಲ್ಲಿ ಎರಡು ಬೆರಳಗಲ ಉದ್ದಕ್ಕೂ ಮರಳನ್ನು ಕೆರೆದುಬಿಟ್ಟೆ. ಎಮರಿ ಕಾಗದದಲ್ಲಿ ಉಜ್ಜಿ ಕನ್ನಡಿ ಮಾಡಿದೆ. ಆ ಭಾಗ ಬೆಲ್ಟಿನ ಕಡೆಗೆ ಬರುವಂತೆ ಕಟ್ಟಿದೆ. ಮೇಲೆ, ಮುಂದೆ, ಹಿಂದೆ ಎಲ್ಲ ಮರಳಿದೆ, ಅಡಿಯಲ್ಲಿ ಒಂದಿಷ್ಟು ಇಲ್ಲದಿದ್ದರೆ ನೀರಿಗೇನು ಗೊತ್ತಾಗುತ್ತದೆ ಅಂದುಕೊಂಡೆ. ನೀರಿಗೆ ಗೊತ್ತಾಗದ್ದು ಇಲ್ಲ ಎಂದು ಗೊತ್ತಿರಬೇಕಿತ್ತು ನನಗೆ.

ಅವರು ಬಂದರು. ಆಸ್ಪತ್ರೆಯಿಂದ ನೇರ ಬಂದ ಮುಖ. "ಎಲ್ಲ ಸರಿ ಇದೆಯಾ?" ಎಂದರು. "ಸರಿ ಇದೆ ಸಾರ್" ಎಂದೆ. ನೀರಿಗೆ ನೀಲಿ ಬಣ್ಣ ಬಿಟ್ಟೆವು. ಸುಳಿ ಸಾಯುತ್ತದೆ ಎಂದು ಪುಸ್ತಕಗಳೆಲ್ಲ ಹೇಳಿದ್ದವು. ಸಾಯಲಿಲ್ಲ. ಮೇಲೊಂದು, ಕೆಳಗೊಂದು. ದೊಡ್ಡ ಮೇಷ್ಟ್ರು ಗಾಜಿಗೆ ಹಣೆ ಒತ್ತಿ ನೋಡುತ್ತ ನೋಡುತ್ತ ಅತ್ತುಬಿಟ್ಟರು, ಮಗಳೇ. ಆ ತಿಂಗಳಿಡೀ ಅವರಿಗೆ ಒಂದು ಒಳ್ಳೆಯ ಸುದ್ದಿ ಬಂದಿರಲಿಲ್ಲ. ಆಗ ಹೇಗೆ ಹೇಳಲಿ? ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಸಿಹಿ ಹಂಚಿದರು. ನಾಳೆ ಎಂದುಕೊಂಡೆ. ಪ್ರಬಂಧ ಅಚ್ಚಾಯಿತು. ಆಮೇಲೆ ನಾಲಿಗೆ ಹೊರಳಲೇ ಇಲ್ಲ.

ಇಷ್ಟು ವರ್ಷ ಇದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ನಿನ್ನೆ ಹೇಳಿದೆ. ಅವಳು ಎದ್ದು ಹೋಗಿ ಬಟ್ಟೆ ಒಗೆದಳು.

ಲೆಕ್ಕದಲ್ಲಿ ಅಡಿಭಾಗ ನುಣ್ಣಗೆ ಮಾಡಿ ಓಡಿಸಿ ನೋಡು. ಆದರೆ ಯಾರಿಗೂ ಬರೆಯಬೇಡ. ದೊಡ್ಡ ಮೇಷ್ಟ್ರಿಗೆ ನಾನೇ ಹೇಳಬೇಕು, ಬೇರೆಯವರಿಂದ ಗೊತ್ತಾಗಬಾರದು. ಸ್ವಲ್ಪ ದಿನ ಕೊಡು. ನನ್ನ ಹೆಸರು ಹಾಳಾಗುತ್ತದೆ ಎಂಬ ಭಯವಿಲ್ಲ, ಮೇಸ್ತ್ರಿಗೆಲ್ಲಿಯ ಹೆಸರು? ಬೆಳಗ್ಗೆ ಆರಕ್ಕೆ ಅವರು ಬರದೇ ಹೋದರೆ ಎಂಬುದೊಂದೇ ಭಯ. ಈ ವಯಸ್ಸಿನಲ್ಲಿ ಇನ್ನೊಬ್ಬ ಅಂಥವರನ್ನು ನಾನು ಎಲ್ಲಿಂದ ತರಲಿ?

ಮೇಸ್ತ್ರಿ


18 ಏಪ್ರಿಲ್

ಮೇಸ್ತ್ರಿಗಳೇ,

ಓಡಿಸಿದೆ. ಎರಡು ಬೆರಳಗಲದ ನುಣುಪು ಪಟ್ಟಿ, ನೀವು ಹೇಳಿದ ಹಾಗೇ. ಒಂಬತ್ತು ದಿನ ಯಂತ್ರದ ಪಕ್ಕ ಬಾಣಂತಿಯನ್ನು ಕಾದ ಹಾಗೆ ಕಾದೆ. ಆರನೇ ದಿನ ಪರದೆಯ ಮೇಲೆ ಮೇಲುಗಡೆ ಒಂದು ಸುಳಿ ಬಿಚ್ಚಿಕೊಂಡಿತು. ಕೆಳಗಿನಿಂದ ಇನ್ನೊಂದು ಬಂತು. ಮತ್ತೆ ಮೇಲೆ, ಮತ್ತೆ ಕೆಳಗೆ. ಕೋಷ್ಟಕದ ಐದನೇ ಸಾಲಿಗೂ ನನ್ನ ಲೆಕ್ಕಕ್ಕೂ ಎರಡನೇ ದಶಮಾಂಶದವರೆಗೆ ವ್ಯತ್ಯಾಸವಿಲ್ಲ. ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.

ಅಂದರೆ ದೊಡ್ಡ ಮೇಷ್ಟ್ರ ಅಳತೆ ತಪ್ಪಲ್ಲ. ಅವರು ಕಂಡದ್ದನ್ನೇ ಬರೆದರು. ಆದರೆ ಅವರು ಅಂದುಕೊಂಡ ಸಿಲಿಂಡರ್ ಅಲ್ಲಿರಲಿಲ್ಲ. ಮೈಯೆಲ್ಲ ಮರಳಿದ್ದರೆ ಸುಳಿ ಸಾಯುತ್ತದೆ, ಅಡಿ ನುಣ್ಣಗಿದ್ದರೆ ಬದುಕುತ್ತದೆ. ನಿಮ್ಮ ಬ್ಲೇಡು ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ನೀವು ಸುಮ್ಮಸುಮ್ಮನೆ ಹೆದರುತ್ತಿದ್ದೀರಿ. ಅವರು ವಿಜ್ಞಾನಿ. ಈ ಚಿತ್ರ ನೋಡಿದರೆ ನಕ್ಕುಬಿಡುತ್ತಾರೆ, ನೋಡುತ್ತಿರಿ. ಇಪ್ಪತ್ತಾರು ವರ್ಷದ ಹಳೇ ಮಾತು, ಎಷ್ಟು ದಿನ ಸಿಟ್ಟು ಮಾಡಿಯಾರು?

ಗೈಡಿಗೆ ಇನ್ನೂ ಹೇಳಿಲ್ಲ. ಹುಷಾರಿಲ್ಲ ಎಂದು ಹೇಳಿ ಥೀಸಿಸ್ಸಿಗೆ ಒಂದು ತಿಂಗಳು ಹೆಚ್ಚು ಕೇಳಿಕೊಂಡೆ. ಜ್ವರದ ಸುಳ್ಳು ನಿಮ್ಮಿಂದ ಕಲಿತದ್ದು. ಮೇ ಮೂವತ್ತರವರೆಗೆ ಕಾಯುತ್ತೇನೆ. ಆಮೇಲೂ ನೀವು ಹೇಳಿರದಿದ್ದರೆ, ಐದನೇ ಸಾಲು ಕೂಡಲಿಲ್ಲ ಎಂದಷ್ಟೇ ಬರೆದು ಒಪ್ಪಿಸುತ್ತೇನೆ. ನಿಮ್ಮ ಹೆಸರು ನನ್ನ ಬಾಯಿಂದ ಬರುವುದಿಲ್ಲ.

ನಿಮ್ಮ
ಹುಡುಗಿ


16 ಮೇ

ಮಗಳೇ,

ನಗಲಿಲ್ಲ.

ನಿನ್ನ ಕಾಗದ ಬಂದ ಮೂರನೇ ದಿನ ಹೇಳಿದೆ. ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಬೆಲ್ಟು, ಬ್ಲೇಡು, ಎಮರಿ ಕಾಗದ, "ಸರಿ ಇದೆ ಸಾರ್" ಎಂದದ್ದು, ಎಲ್ಲ ಹೇಳಿದೆ. ನಿನ್ನ ಚಿತ್ರಗಳನ್ನು ಕೈಗಿಟ್ಟೆ. ನೋಡಿದರು. ಮಡಿಸಿ ಜೇಬಿಗಿಟ್ಟುಕೊಂಡರು. ಎದ್ದು ಮನೆಗೆ ಹೋದರು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಹನ್ನೊಂದು ದಿನ ಬೂಟು ಹಾಕಿಕೊಂಡು ಆರರಿಂದ ಏಳರವರೆಗೆ ಕೂತು, ಬಿಚ್ಚಿಟ್ಟೆ. "ಹೋಗಿ ಕಾಲಿಗಾದ್ರೂ ಬೀಳಿ, ಇಲ್ಲಾ ಸುಮ್ನೆ ತಿಂಡಿಯಾದ್ರೂ ತಿನ್ನಿ, ಎರಡರಲ್ಲಿ ಒಂದು ಮಾಡಿ" ಎಂದು ನನ್ನವಳು ರೇಗಿದಳು. ಎರಡೂ ಮಾಡಲಾಗಲಿಲ್ಲ.

ಹನ್ನೆರಡನೇ ದಿನ ಮಧ್ಯಾಹ್ನ ಅವರೇ ಬಂದರು, ಕೈಯಲ್ಲೊಂದು ಚೀಲ. ಕೂರಿ ಎಂದರೆ ಕೂರಲಿಲ್ಲ. ಚೀಲದಿಂದ ದಪ್ಪನೆಯ ಮೂರು ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ತೆಗೆದು ನೋಡು" ಎಂದರು. ಪುಟಪುಟವೂ ಲೆಕ್ಕ, ಪ್ರತಿ ಪುಟದ ಮೇಲೂ ಒಂದು ಅಡ್ಡ ಗೀಟು.

"ಐದನೇ ಸಾಲಲ್ಲಿ ಸುಳಿ ಯಾಕೆ ಸಾಯಲಿಲ್ಲ ಅಂತ ಹುಡುಕಿದ್ದು ಇದು. ಆರು ವರ್ಷ ಹುಡುಕಿದೆ. ಕಂಡುಹಿಡಿದವನಿಗೇ ಕಾರಣ ಗೊತ್ತಿಲ್ಲ ಅಂದ್ರೆ ಹೇಗೆ? ಕೊನೆಗೆ ನನ್ನ ತಲೆಯೇ ಇಷ್ಟು ಅಂದ್ಕೊಂಡು, ಐವತ್ತೆರಡನೇ ವಯಸ್ಸಿಗೆ ಸಂಶೋಧನೆ ಬಿಟ್ಟು ಪಾಠ ಮಾಡ್ಕೊಂಡಿದ್ದೆ" ಎಂದರು.

ನಾನು ಇನ್ನೊಂದು ಪುಟ ತಿರುವಿದೆ. ಅಲ್ಲೂ ಗೀಟು.

"ಲ್ಯಾಬಲ್ಲಿ ಹೇಳಿದ್ದೆ, ರಸ್ತೇಲಿ ಹೇಳಿದ್ದೆ. ಅರ್ಥ ಆಗ್ತಿಲ್ಲ ಮೇಸ್ತ್ರಿ, ಅರ್ಥ ಆಗ್ತಿಲ್ಲ ಅಂತ. ನೀನೇನು ಹೇಳ್ತಿದ್ದೆ?"

"'ಆಗುತ್ತೆ ಬಿಡಿ ಸಾರ್' ಅಂತಿದ್ದೆ."

"ಕೆರೆದಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನಿದ್ದಿದ್ರೆ ನಾನೇ ಕೆರಿ ಅಂತಿದ್ದೆ, ಬೆಲ್ಟು ಮುಖ್ಯ. 'ಆಗುತ್ತೆ ಬಿಡಿ ಸಾರ್' ಅಂದೆಯಲ್ಲ, ಅದಕ್ಕೆ."

ನಾನು ಇಷ್ಟು ವರ್ಷ ಅವರ ಹೆಸರು ಕಾಪಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಮಗಳೇ. ಹೆಸರು ಕಾಪಾಡಿದೆ, ಮನುಷ್ಯನನ್ನು ಪಕ್ಕದಲ್ಲೇ ಇಟ್ಟುಕೊಂಡು ತಿಂದೆ. ಕ್ಷಮಿಸಿ ಎಂದೆ. "ಪಟ್ಟಿ ಸರಿಯಾಗಿ ಎಷ್ಟು ಅಗಲ? ಅಂದಾಜು ಬೇಡ" ಎಂದರು. ಮೂವತ್ತೆರಡು ಮಿಲಿಮೀಟರು ಎಂದೆ. ಬರೆದುಕೊಂಡರು. ಜೇಬಿನಿಂದ ಟೈಪು ಮಾಡಿದ ಒಂದು ಹಾಳೆ ತೆಗೆದರು. ಪ್ರಬಂಧ ಅಚ್ಚಾದ ಪತ್ರಿಕೆಗೇ ಕಳಿಸುವ ತಿದ್ದುಪಡಿ. ಐದನೇ ಸಾಲಿನ ಸಿಲಿಂಡರಿನ ಅಡಿಭಾಗದಲ್ಲಿ ಮರಳಿರಲಿಲ್ಲ, ಓದುಗರು ಗಮನಿಸಬೇಕು, ಇದನ್ನು ಲೆಕ್ಕದಿಂದ ಪತ್ತೆ ಮಾಡಿದವಳು ಇಂಥ ಸಂಶೋಧನಾ ವಿದ್ಯಾರ್ಥಿನಿ, ಎಂದು ನಿನ್ನ ಹೆಸರು. ಕೆಳಗೆ ಬರೆದವರ ಹೆಸರು ಎರಡು, ನನ್ನದು ಮೊದಲು.

"ನಂದ್ಯಾಕೆ ಸಾರ್ ಮೊದಲು?"

"ಕೆರೆದವನು ನೀನು. ಸಹಿ ಹಾಕು."

ಹಾಕಿದೆ. ಮೂವತ್ತನಾಲ್ಕು ವರ್ಷ ನೆಟ್ಟಗೆ ಮಾಡಿದ ಕೆಲಸದಲ್ಲಿ ಒಂದಕ್ಕೂ ನನ್ನ ಹೆಸರು ಅಚ್ಚಾಗಿಲ್ಲ. ನನ್ನವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಾಫಿ ತಂದಳು, ಮುಟ್ಟದೆ ಹೋದರು.

ಹಾಳೆಯ ಒಂದು ಪ್ರತಿ ಈ ಲಕೋಟೆಯಲ್ಲಿದೆ. ನಿನ್ನ ಗೈಡಿಗೆ ತೋರಿಸು. ಥೀಸಿಸ್ಸಿನಲ್ಲಿ ನೀನು ಕಂಡದ್ದನ್ನು ಕಂಡ ಹಾಗೇ ಬರೆ. ಮೂರನೇ ಒಂದು ಭಾಗದ ವಿಷಯವನ್ನೂ ಗೈಡಿಗೆ ನೀನೇ ಬಾಯಿಬಿಟ್ಟು ಹೇಳು, ಇವತ್ತೇ ಹೇಳು. ಸಂಜೆ ಎಂದುಕೊಳ್ಳಬೇಡ.

ಆಮೇಲೂ ಐದು ದಿನ ಅವರು ಬರಲಿಲ್ಲ. ಇವತ್ತು ಬೆಳಗ್ಗೆ ಬೂಟು ಹಾಕಿಕೊಳ್ಳುವುದೇ ಬೇಡ ಎಂದು ಕೂತಿದ್ದೆ. ಗೇಟಿನ ಸದ್ದಾಯಿತು. ಒಳಗೆ ಬರಲಿಲ್ಲ, ಕರೆಯಲಿಲ್ಲ, ಹೊರಗೇ ನಿಂತಿದ್ದರು. ಅವಸರದಲ್ಲಿ ಚಪ್ಪಲಿಯಲ್ಲೇ ಓಡಿದೆ. ಅವರು ಮುಂದೆ ಹೊರಟರು, ನಾನು ಹತ್ತು ಹೆಜ್ಜೆ ಹಿಂದೆ. ಎರಡನೇ ತಿರುವಿನಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತಿತು. ಬಗ್ಗಿ ಅದನ್ನು ಹೇಗೋ ಸಿಕ್ಕಿಸುತ್ತ, ಅಲ್ಲಿಗೆ ಮುಗಿಯಿತು, ಅವರು ಹೋಗಿರುತ್ತಾರೆ ಎಂದುಕೊಂಡೆ. ತಲೆ ಎತ್ತಿದರೆ ಅವರು ಹತ್ತು ಹೆಜ್ಜೆ ಮುಂದೆ, ನನಗೆ ಬೆನ್ನು ಮಾಡಿ ನಿಂತಿದ್ದರು. ತಿರುಗಿ ನೋಡಲಿಲ್ಲ. ನಾನು ಹತ್ತಿರ ಬರುವವರೆಗೂ ಅಲ್ಲೇ ನಿಂತಿದ್ದರು.

ನಿನ್ನ
ಮೇಸ್ತ್ರಿ